ಲೋಳೆಗೆ ಸಿಕ್ಕ ಬಣ್ಣ, ಸಿಗದ ಬಣ್ಣ

ದಾಗಡಿ ಬಳ್ಳಿಯ ಎಲೆಯನ್ನು ನೀರಿನಲ್ಲಿ ಕಿವುಚಿ, ಸೋಸಿ, ಅಲುಗಾಡಿಸದೆ ಇಟ್ಟರೆ ಸ್ವಲ್ಪ ಹೊತ್ತಿಗೆ ಹಸಿರು ಹಲ್ವದ ಹಾಗೆ ಗಟ್ಟಿಯಾಗುತ್ತದೆ. ಒಲೆ ಬೇಡ, ಫ್ರಿಜ್ ಬೇಡ. ಎಲೆ ಬಿಟ್ಟ ಉದ್ದುದ್ದ ಸಕ್ಕರೆ ಸರಪಳಿಗಳು ಒಂದಕ್ಕೊಂದು ತೊಡರಿ ನೀರನ್ನು ಕೂಡಿಹಾಕುತ್ತವೆ. ಹೈಡ್ರೋಜೆಲ್ ಎಂದರೆ ಇಷ್ಟೇ. ದಾಸವಾಳದ ಸೊಪ್ಪು, ಬೆಂಡೆ, ಕಾಮಕಸ್ತೂರಿ ಬೀಜದ ಲೋಳೆಯೂ ಇದೇ ಜಾತಿ.

ಆದರೆ ನೀರಿನಲ್ಲಿ ಬೆರೆತ ಬಣ್ಣವನ್ನು ಹಿಡಿಯಲೆಂದು ಹೊಳೆ ನೀರಿಗೆ ಹಾಕಿದರೆ ಬರೀ ಲೋಳೆ ಕರಗಿಹೋಗುತ್ತದೆ. ಅದಕ್ಕೇ ಸರಪಳಿಗಳ ನಡುವೆ ಗಟ್ಟಿ ಕೊಂಡಿ ಹಾಕಬೇಕು. ಹುಣಸೆ ಬೀಜದ ಅಂಟು, ಗೋರಿಕಾಯಿ ಬೀಜದ ಅಂಟು, ಮಲೆನಾಡಿನಲ್ಲಿ ರಾಶಿ ಬೀಳುವ ಅಡಿಕೆ ಸಿಪ್ಪೆಯ ಸೆಲ್ಯುಲೋಸ್ – ಎಲ್ಲದರಿಂದಲೂ ಇಂಥ ಜೆಲ್ ಮಾಡಬಹುದು. ಸಿಟ್ರಿಕ್ ಆಮ್ಲ ಸೇರಿಸಿ ಬಿಸಿ ಮಾಡುವುದು ಕೊಂಡಿ ಹಾಕುವ ಸುಲಭ ದಾರಿಗಳಲ್ಲೊಂದು. ಸರಪಳಿಗೆ ಕಾರ್ಬಾಕ್ಸಿಲ್ ಗುಂಪುಗಳನ್ನು ಅಂಟಿಸಿದರೆ ಅವು ನೀರಿನಲ್ಲಿ ಋಣ ವಿದ್ಯುದಂಶ ಪಡೆಯುತ್ತವೆ. ಧನ ಅಂಶವಿರುವ ಬಣ್ಣದ ಅಣುಗಳು ಬಂದು ಅಲ್ಲೇ ಕಚ್ಚಿಕೊಳ್ಳುತ್ತವೆ.

ಇಂಥ ಜೆಲ್ ಪರೀಕ್ಷಿಸುವ ಪ್ರಯೋಗಾಲಯಗಳ ಕಣ್ಮಣಿ ಮೆಥಿಲೀನ್ ಬ್ಲೂ. 1876ರಲ್ಲಿ ಜರ್ಮನಿಯ ಹೈನ್ರಿಶ್ ಕಾರೊ ತಯಾರಿಸಿದ ಈ ಬಣ್ಣ ಧನ ಅಂಶದ್ದು, ಅಗ್ಗದ್ದು, ಸುಮಾರು 664 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಚೆನ್ನಾಗಿ ಹೀರುವುದರಿಂದ ಅಳೆಯುವುದೂ ಸುಲಭ. ಜೆಲ್ ತುಂಡು ಹಾಕಿ ಬಿಟ್ಟರೆ ನೀಲಿ ನೀರು ತಿಳಿಯಾಗುತ್ತದೆ, ಫೋಟೋ ಅಂದವಾಗಿ ಬರುತ್ತದೆ. ನನ್ನ ತಕರಾರು ಇಲ್ಲೇ.

ನಮ್ಮ ಶಿವಮೊಗ್ಗ ಜಿಲ್ಲೆಯ ಬಣ್ಣದ ನೀರು ಯಾವುದು? ಮೊದಲನೆಯದು ಅಡಿಕೆ ಬೇಯಿಸಿದ ಚೊಗರು, ಟ್ಯಾನಿನ್ ತುಂಬಿದ ಕೆಂಗಂದು ರಸ. (ಹೆಗ್ಗೋಡಿನ ಕೈಮಗ್ಗ ಸಂಸ್ಥೆ ‘ಚರಕ’ದವರು ಅದರಿಂದಲೇ ಬಟ್ಟೆಗೆ ಬಣ್ಣ ಹಾಕುತ್ತಾರೆ, ನನ್ನ ಮಟ್ಟಿಗೆ ಚೊಗರಿಗೆ ಅದಕ್ಕಿಂತ ಒಳ್ಳೆಯ ಗತಿಯಿಲ್ಲ.) ಎರಡನೆಯದು, ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿ ಈಗ ಉತ್ಪಾದನೆ ನಿಲ್ಲಿಸಿರುವ ಮೈಸೂರು ಪೇಪರ್ ಮಿಲ್ಸ್‌ನಂಥ ಕಾರ್ಖಾನೆಗಳಲ್ಲಿ ಮರದ ತಿರುಳು ಬೇಯಿಸುವಾಗ ಹೊರಬರುವ ಲಿಗ್ನಿನ್ ಕಂದು. ಟ್ಯಾನಿನ್ ಆಗಲಿ ಲಿಗ್ನಿನ್ ಆಗಲಿ ನೀರಿನಲ್ಲಿ ವಾಲುವುದು ಋಣದ ಕಡೆಗೆ. ಹತ್ತಿ ಬಟ್ಟೆಯ ರಿಯಾಕ್ಟಿವ್ ಬಣ್ಣಗಳಂತೂ ನೇರ ಋಣ. ನೀಲಿಯನ್ನು ಬಾಚಿ ಹಿಡಿದ ಜೆಲ್ ಇವನ್ನು ದೂರ ತಳ್ಳುತ್ತದೆ. ಸಾಲದ್ದಕ್ಕೆ ಬಣ್ಣದ ತೊಟ್ಟಿಯಲ್ಲಿ ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಇರುತ್ತದೆ. ಉಪ್ಪಿಗೆ ಜೆಲ್ ಮುದುಡುತ್ತದೆ, ವಿದ್ಯುದಂಶಗಳ ಸೆಳೆತವೂ ಮಂಕಾಗುತ್ತದೆ. ಸರಪಳಿಗೆ ಧನ ಅಂಶದ ಅಮೋನಿಯಂ ಗುಂಪು ಕೂಡಿಸಿ ಜೆಲ್‌ನ ಗುಣ ತಿರುಗಿಸಬಹುದು ನಿಜ, ಆದರೆ ರಾಸಾಯನಿಕಗಳ ಖರ್ಚು ಏರುತ್ತದೆ, ‘ಸಸ್ಯಜನ್ಯ’ ಎಂಬ ಹೆಮ್ಮೆ ಇಳಿಯುತ್ತದೆ.

ಹಾಗಾದರೆ ಋಣ ಅಂಶದ ಈ ಜೆಲ್ ಎಲ್ಲಿಗೆ ಒಪ್ಪುತ್ತದೆ? ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಕ್ರಿಸ್ಟಲ್ ವಯಲೆಟ್, ಸ್ಯಾಫ್ರನಿನ್, ಮೆಥಿಲೀನ್ ಬ್ಲೂ ಮೂರೂ ಧನ ಅಂಶದವು. ಗಾಜಿನ ಪಟ್ಟಿ ತೊಳೆದ ಆ ನೀರು ಸ್ವಲ್ಪವೇ ಇರುತ್ತದೆ, ಉಪ್ಪೂ ಕಡಿಮೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ಯಾವುದಾದರೂ ಕಾಲೇಜಿನಲ್ಲೋ ಸಿಂಕಿನ ಕೆಳಗೆ ಅಡಿಕೆ ಸಿಪ್ಪೆಯ ಜೆಲ್ ತುಂಬಿದ ಕೊಳವೆ ಇಟ್ಟು ನೋಡುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರಿಗೆ ತಕ್ಕ ಕೆಲಸ. ಜೆಲ್‌ನಲ್ಲಿ ಬಣ್ಣ ತುಂಬಿದ ಮೇಲೆ ಸಾರರಿಕ್ತ ಆಮ್ಲದಲ್ಲಿ ತೊಳೆದರೆ ಕಾರ್ಬಾಕ್ಸಿಲ್ ಗುಂಪುಗಳು ಅಂಶ ಕಳೆದುಕೊಂಡು ಬಣ್ಣದ ಬಹುಪಾಲನ್ನು ಬಿಟ್ಟುಕೊಡುತ್ತವೆ, ಜೆಲ್ ಮತ್ತೆ ಬಳಕೆಗೆ ಬರುತ್ತದೆ. ಬಕೆಟ್‌ಗಟ್ಟಲೆ ನೀರಿನ ಬಣ್ಣ ಆಗ ಒಂದು ಸೀಸೆಯಲ್ಲಿರುತ್ತದೆ. ಆ ಸೀಸೆಯನ್ನು ಅಪಾಯಕಾರಿ ತ್ಯಾಜ್ಯ ಸುಡುವಲ್ಲಿಗೆ ಕಳಿಸಬೇಕು.