ನಗರದ ಚರಿತ್ರೆ ಯಾರದು?

ಕೋಟೆ, ಅರಮನೆ, ಬಂದರು, ವ್ಯಾಪಾರ ಇವನ್ನು ಬಣ್ಣಿಸಿದರೆ ನಗರವೊಂದರ ಚರಿತ್ರೆ ಮುಗಿಯಿತೆಂದು ಬಗೆಯುವವರೇ ಬಹಳ. ಆ ಬಂದರಿನಲ್ಲಿ ಮೂಟೆ ಹೊತ್ತವರು ಎಲ್ಲಿ ವಾಸಿಸಿದರು, ಹೇಗೆ ಬಾಳಿದರು ಎಂದು ಕೇಳುವವರು ವಿರಳ. ಇಂಗ್ಲೆಂಡಿನ ಲಿವರ್‌ಪೂಲ್ ನಗರವನ್ನು ಕುರಿತು ಟೆರೆನ್ಸ್ ಡೇವಿಸ್ ಎಂಬ ನಿರ್ದೇಶಕನು 2008ರಲ್ಲಿ ರಚಿಸಿದ ‘ಆಫ್ ಟೈಮ್ ಅಂಡ್ ದಿ ಸಿಟಿ’ ಎಂಬ ಚಲಚ್ಚಿತ್ರವು ಈ ಪ್ರಶ್ನೆಯನ್ನೇ ಎತ್ತುತ್ತದೆ. ನಮ್ಮಲ್ಲಿ ಅದನ್ನು ಕಂಡವರು ಕಡಮೆ. ಆದರೂ ಅದು ವಿಚಾರಯೋಗ್ಯವಾದುದು.

ಈ ಚಿತ್ರದಲ್ಲಿ ಕಥೆಯಿಲ್ಲ, ನಾಯಕನಾಯಿಕೆಯರಿಲ್ಲ. ಹಳೆಯ ಸುರುಳಿಗಳಿಂದ ಆಯ್ದ ದೃಶ್ಯಗಳೇ ಬಹುಪಾಲು. 1945ರಲ್ಲಿ ಅದೇ ಊರಿನ ಕೂಲಿಕಾರ ಕುಟುಂಬವೊಂದರಲ್ಲಿ ಹುಟ್ಟಿದ ನಿರ್ದೇಶಕನ ಕಂಠವೇ ಅವನ್ನು ಪೋಣಿಸುವ ಸೂತ್ರ.

ಲಿವರ್‌ಪೂಲಿನ ಐಶ್ವರ್ಯದ ಮೂಲವು ನಮಗೆ ಅಪರಿಚಿತವಲ್ಲ. 18ನೆಯ ಶತಮಾನದಲ್ಲಿ ಆಫ್ರಿಕದ ಗುಲಾಮರ ವ್ಯಾಪಾರದಿಂದಲೂ, ತರುವಾಯ ಹತ್ತಿಯ ವ್ಯಾಪಾರದಿಂದಲೂ ಆ ಬಂದರು ಬೆಳೆಯಿತು. 1861ರಿಂದ 1865ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿಯ ಸರಬರಾಯಿ ಕುಗ್ಗಿದಾಗ, ಲ್ಯಾಂಕಶೈರಿನ ಗಿರಣಿಗಳ ಹಸಿವನ್ನು ತಣಿಸಲು ನಮ್ಮ ಧಾರವಾಡ ಸೀಮೆಯ ಹತ್ತಿಯೂ ಕಡಲು ದಾಟಿತು. ಇಷ್ಟು ಸಂಪತ್ತು ಹಾದುಹೋದ ಊರಿನ ಓಣಿಗಳಲ್ಲಿ ಉಳಿದುದೇನು?

ಉತ್ತರವನ್ನು ಚಿತ್ರವು ವಾದಿಸದೆ ತೋರಿಸುತ್ತದೆ. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ವೈಭವ ಒಂದು ಕಡೆ. ಅದರ ಮಗ್ಗುಲಲ್ಲಿಯೇ ಲಿವರ್‌ಪೂಲಿನ ಕೊಳಕು ಕೇರಿಗಳು. ಆ ಕೇರಿಗಳನ್ನು ಕೆಡವಿ ಬಹುಮಹಡಿಯ ವಸತಿಗಳನ್ನು ಎಬ್ಬಿಸಿದರು. ಅವುಗಳಲ್ಲಿಯೂ ಸುಖ ನೆಲೆಸಲಿಲ್ಲ. ಆ ದೃಶ್ಯಗಳ ಹಿನ್ನೆಲೆಯಲ್ಲಿ, ಬೆಟ್ಟದ ಮೇಲೆ ಮನೆ ಕಟ್ಟಿ ಬಾಳುವ ದಂಪತಿಗಳ ಕನಸಿನ ಹಾಡೊಂದು ಪೆಗಿ ಲೀಯ ಕಂಠದಲ್ಲಿ ಕೇಳಿಬರುತ್ತದೆ. ಸಾಮ್ರಾಜ್ಯಶಾಹಿಯು ಪರರನ್ನು ಸುಲಿದುದೇನೋ ಸರಿ, ತನ್ನವರನ್ನಾದರೂ ಸಲಹಿತೇ ಎಂದು ನೋಡುವವನ ಮನಸ್ಸು ಕೇಳದಿರದು.

ಇಂಥ ಚಿತ್ರವು ಸಾಧ್ಯವಾದುದು, ಸಾಮಾನ್ಯರ ಓಣಿಗಳನ್ನು ಯಾರೋ ಚಿತ್ರಿಸಿದ್ದರಿಂದ, ಮತ್ತಾರೋ ಆ ಸುರುಳಿಗಳನ್ನು ಜೋಪಾನಮಾಡಿದ್ದರಿಂದ. ನಮ್ಮ ಪರಿಸ್ಥಿತಿಯಾದರೋ, 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ದೊರೆಯದು. ಹೀಗಿರಲು ಬೆಂಗಳೂರಿನ ಗಿರಣಿ ಕೇರಿಗಳನ್ನೂ ಹುಬ್ಬಳ್ಳಿಯ ಹತ್ತಿಯ ಪೇಟೆಯನ್ನೂ ಮುಂದಿನವರು ಯಾವುದರಲ್ಲಿ ಕಾಣಬೇಕು? ನಗರಸಭೆಗಳೂ ವಿಶ್ವವಿದ್ಯಾಲಯಗಳೂ ಮನೆಮನೆಗಳಲ್ಲಿ ಧೂಳು ತಿನ್ನುತ್ತಿರುವ ಹಳೆಯ ಚಿತ್ರಗಳನ್ನೂ ಸುರುಳಿಗಳನ್ನೂ ಕೂಡಿಸಿ ಕಾಪಾಡುವುದು ಕೂಡಲೆ ಆಗಬೇಕಾದ ಕಾರ್ಯ. ಪ್ರತಿಮೆಗಳನ್ನು ನಾಳೆಯೂ ನಿಲ್ಲಿಸಬಹುದು. ಅಳಿದ ಸುರುಳಿಯನ್ನು ಮರಳಿ ತರಲು ಯಾರಿಂದಲೂ ಆಗದು.