ಬಿಸಿಲಿಗೆ ಬಿರಿದ ತೊಗಲು

ಕಾರಿನಲ್ಲಿ ಚಾಲಕನ ಮುಂದೆ ಹಾಸಿಕೊಂಡಿರುವ ಹಲಗೆಗೆ ಡ್ಯಾಶ್‌ಬೋರ್ಡ್ ಎಂಬ ಹೆಸರು ಏಕೆ ಬಂದಿತೆಂದು ಯೋಚಿಸಿದವರು ವಿರಳ. ಕುದುರೆ ಸಾರೋಟಿನ ಕಾಲದಲ್ಲಿ, ಓಡುವ ಕುದುರೆಯ ಗೊರಸು ಎರಚುವ ಕೆಸರು ಒಳಗೆ ಕುಳಿತವರ ಮೈಮೇಲೆ ಬೀಳದಂತೆ ಗಾಡಿಯ ಮುಂಭಾಗದಲ್ಲಿ ಒಂದು ಮರದ ಹಲಗೆಯನ್ನೋ ತೊಗಲಿನ ತಡಿಕೆಯನ್ನೋ ನಿಲ್ಲಿಸುತ್ತಿದ್ದರು. ಇಂಗ್ಲಿಷಿನಲ್ಲಿ ಎರಚುವುದಕ್ಕೆ ಡ್ಯಾಶ್ ಎಂಬ ಮಾತುಂಟು. ಎರಚಾಟವನ್ನು ತಡೆಯುವ ಹಲಗೆ ಡ್ಯಾಶ್‌ಬೋರ್ಡಾಯಿತು. ಕುದುರೆ ಹೋಯಿತು, ಸಾರೋಟು ಹೋಯಿತು. ಹೆಸರು ಮಾತ್ರ ಕಾರಿನೊಳಗೆ ಬಂದು ಕುಳಿತುಬಿಟ್ಟಿತು. ಹೆಸರಿನ ಜೊತೆಗೆ ಕೆಲವು ಕಾರುಗಳಲ್ಲಿ ತೊಗಲೂ ಬಂದಿತು. ಕೆಸರನ್ನು ತಡೆದುಕೊಂಡಿದ್ದ ಆ ತೊಗಲು ಈಗ ಗಾಜಿನ ಕೆಳಗೆ ಮುಖ ಮೇಲೆ ಮಾಡಿ ಮಲಗಿ, ಹಗಲೆಲ್ಲ ಸೂರ್ಯನನ್ನು ನೋಡುತ್ತಿರುತ್ತದೆ.

ಬೆಂಗಳೂರಿನವರಿಗೆ ಇದರಲ್ಲಿ ಕಷ್ಟವೇನೂ ಕಾಣಲಾರದು. ಕಲಬುರಗಿಯ ಮಾತು ಬೇರೆ. ಬೇಸಗೆ ಬಂದಿತೆಂದರೆ ನಮ್ಮ ಭಾಗದ ಸರಕಾರಿ ಕಚೇರಿಗಳೇ ತಮ್ಮ ವೇಳೆಯನ್ನು ಬದಲಿಸಿಕೊಂಡು, ಬೆಳಿಗ್ಗೆ 8 ಗಂಟೆಗೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಸರಕಾರವನ್ನು ಬೆಳಿಗ್ಗೆ ಎಬ್ಬಿಸುವ ಶಕ್ತಿ ನಮ್ಮ ಬಿಸಿಲಿಗಲ್ಲದೆ ಇನ್ನಾರಿಗಿದೆ? ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ 42, 43 ಡಿಗ್ರಿ ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಆದರೆ ಅದು ನೆರಳಿನಲ್ಲಿಟ್ಟ ಮಾಪಕದ ಲೆಕ್ಕ. ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಲೆಕ್ಕವೇ ಬೇರೆ. ಗಾಜು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಬೆಳಕು ಶಾಖವಾಗಿ ಹಿಂತಿರುಗುವಾಗ ಬಾಗಿಲು ಹಾಕಿಕೊಳ್ಳುತ್ತದೆ. ಅಮೆರಿಕದ ಅರಿಜೋನಾ ರಾಜ್ಯದ ಬಿಸಿಲೂರಿನಲ್ಲಿ ವಿಜ್ಞಾನಿಗಳು ಕಾರುಗಳನ್ನು ನಿಲ್ಲಿಸಿ ಅಳೆದು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ತಾಸು ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಗಾಳಿ ಸರಾಸರಿ 47 ಡಿಗ್ರಿ, ಸೀಟು 51 ಡಿಗ್ರಿ, ಡ್ಯಾಶ್‌ಬೋರ್ಡು 69 ಡಿಗ್ರಿ! ಒಂದೇ ಮನೆಯಲ್ಲಿದ್ದರೂ ಹಿರಿಯ ಸೊಸೆಗೆ ಬೀಳುವ ಪೆಟ್ಟು ಬೇರೆ ಎಂಬಂತಾಯಿತು.

ನನ್ನಲ್ಲಿರುವ ಕಾರು ಸೋದರಮಾವನವರದು. ಪುಣೆಯಲ್ಲಿದ್ದಾಗ ಅವರು ಅದರ ಡ್ಯಾಶ್‌ಬೋರ್ಡಿಗೆ ಅಪ್ಪಟ ತೊಗಲನ್ನು ಹೊದಿಸಿಕೊಂಡಿದ್ದರು. ಪುಣೆಯಲ್ಲಿ ಹನ್ನೆರಡು ವರ್ಷ ಬಾಳಿದ ತೊಗಲು ಇಲ್ಲಿನ ಮೂರು ಬೇಸಗೆಗಳಲ್ಲಿ ಮುದುಕಾಯಿತು. ಮುಂದಿನ ಗಾಜಿನ ಬುಡದಲ್ಲಿ ಎರಡು ಬೆರಳಿನಷ್ಟು ಹಿಂದೆ ಸರಿದು ಅಂಚು ಮೇಲೆದ್ದಿತು. ನಡುವೆ, ಮಳೆ ಕಾಣದ ಎರೆಹೊಲದಂತೆ ಬಿರುಕುಗಳು ಬಾಯಿಬಿಟ್ಟವು. ತೋರಿಸಿದಲ್ಲೆಲ್ಲ ಒಂದೇ ಮಾತು: ಕಿತ್ತು ಬಿಸಾಡಿ, ರೆಕ್ಸಿನ್ ಹೊದಿಸಿ. ಕೊನೆಗೆ ಒಬ್ಬರು, ಸೂಪರ್ ಮಾರ್ಕೆಟ್ಟಿನಲ್ಲಿ ಒಬ್ಬ ಹಳೆಯ ಕೆಲಸಗಾರರಿದ್ದಾರೆ, ಅವರಿಗೆ ತೋರಿಸಿ ನೋಡಿ ಎಂದರು.

ಪರಸ್ಥಳದ ಓದುಗರಿಗೆ ಒಂದು ಮಾತು ಹೇಳಬೇಕು. ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಎಂದರೆ ತಂಪು ಗಾಳಿಯಲ್ಲಿ ತಳ್ಳುಬಂಡಿ ಹಿಡಿದು ತಿರುಗುವ ಗಾಜಿನ ಅಂಗಡಿಯೆಂದು ತಿಳಿಯಬಾರದು. ಅದು ಊರ ನಡುವಿನ ಒಂದು ಪೇಟೆಯ ಹೆಸರು. ಅಲ್ಲಿ ಬಟ್ಟೆ, ಪಾತ್ರೆ, ಪುಸ್ತಕ, ಕಾಯಿಪಲ್ಯ ಎಲ್ಲವೂ ದೊರೆಯುತ್ತವೆ, ನೆರಳೊಂದು ದೊರೆಯುವುದಿಲ್ಲ. ಅದರ ಒಂದು ಓಣಿಯಲ್ಲಿ, ಎರಡು ಕಾರು ಅಡ್ಡಡ್ಡ ನಿಲ್ಲಲಾರದಷ್ಟು ಇಕ್ಕಟ್ಟಿನಲ್ಲಿ, ಶಹಾಬಾದಿನ ಫರಸಿಯ ಮೇಲೆ ಕುಳಿತು ಆ ಹಿರಿಯರು ಕೆಲಸ ಮಾಡುತ್ತಿದ್ದರು. ವಯಸ್ಸು ಅರವತ್ತರ ಆಚೆ. ಕಾರಿನ ಬಳಿಗೆ ಬಂದವರು ಕೈಯಿಂದ ಒಂದು ಸಲ ತೊಗಲನ್ನು ಸವರಿದರು, ಮೂಸಿ ನೋಡಿದರು, ಬಿರುಕಿನ ಒಳಗೆ ಸೂಜಿಯ ಮೊನೆಯನ್ನು ಇಳಿಸಿ ಮೆಲ್ಲಗೆ ಕೆದರಿದರು.

"ಇಲ್ಲಿ ನೂಲು ನೂಲು ಬರ್ಲಿಕತ್ತದ ನೋಡ್ರಿ ಸರ. ಇದು ಒಣಗ್ಯಾದ, ಸತ್ತಿಲ್ಲ. ಆ ಮೂಲ್ಯಾಗ ಮಾತ್ರ ಹಿಟ್ಟು ಉದುರ್ತದ. ಅದು ಸತ್ತದ. ಅದಕ್ಕ ಎಷ್ಟು ಎಣ್ಣಿ ಕುಡಿಸಿದರೂ ಅಷ್ಟೇ."

ಈ ಎರಡು ಮಾತುಗಳಲ್ಲಿ ಚರ್ಮದ ವಿಜ್ಞಾನದ ಅರ್ಧ ಅಡಗಿದೆ. ತೊಗಲೆಂದರೆ ಕೊಲ್ಯಾಜೆನ್ ಎಂಬ ಸಸಾರಜನಕದ ಎಳೆಗಳ ಹೆಣಿಗೆ. ಹಸಿ ಚರ್ಮವನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಪ್ಪಳವಾಗುತ್ತದೆ. ಈ ಎರಡು ಗತಿಗಳಿಂದಲೂ ತಪ್ಪಿಸಿ ಅದನ್ನು ಮೃದುವಾಗಿ ಉಳಿಸುವ ಕೆಲಸಕ್ಕೆ ಕನ್ನಡದಲ್ಲಿ ಹದ ಮಾಡುವುದು ಎನ್ನುತ್ತಾರೆ. ಹೊಲಕ್ಕೂ ಹದ, ಪಾಕಕ್ಕೂ ಹದ, ತೊಗಲಿಗೂ ಹದ. ಇಷ್ಟು ಒಳ್ಳೆಯ ಮಾತು ಇನ್ನಾವ ಭಾಷೆಯಲ್ಲಿದೆಯೋ ನಾನರಿಯೆ. ನಮ್ಮ ಕಡೆಯ ಹಳೆಯ ಹದ ಗಿಡಮರಗಳದು: ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ. ಇವುಗಳ ಒಗರು ಎಳೆಗಳ ನಡುವೆ ಸೇರಿ ಅವನ್ನು ಹಿಡಿದು ನಿಲ್ಲಿಸುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡುವ ಕ್ರಮ ಈಚಿನದು. 20ನೇ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಅದು ಬೇರೂರಿತು. ಅಲ್ಲಿನ ಕ್ರೋಮ್‌ಪೇಟೆ ಎಂಬ ಬಡಾವಣೆಗೆ ಹೆಸರು ಬಂದಿರುವುದೇ ಅಂಥ ಒಂದು ಕಾರ್ಖಾನೆಯಿಂದ.

ಎಳೆಗಳ ಈ ಹೆಣಿಗೆಗೆ ಶಾಖ ಬಡಿದಾಗ ಏನಾಗುತ್ತದೆ? ನೀರಿನಲ್ಲಿ ನೆನೆದ ಹಸಿ ಚರ್ಮ 60–65 ಡಿಗ್ರಿಯ ಸುಮಾರಿಗೆ ತಟ್ಟನೆ ಮುದುಡಿಕೊಳ್ಳುತ್ತದೆ. ತೊಗಟೆಯ ಹದದ್ದು 70ರಿಂದ 85ರವರೆಗೆ ತಾಳುತ್ತದೆ. ಕ್ರೋಮಿನದು ಕುದಿಯುವ ನೀರಿಗೂ ಬಹುಮಟ್ಟಿಗೆ ಅಂಜುವುದಿಲ್ಲ. ಒಣಗಿದ ತೊಗಲಿನ ತಾಳ್ಮೆ ಇವೆಲ್ಲಕ್ಕಿಂತ ಹೆಚ್ಚು. ಆದ್ದರಿಂದಲೇ, ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಡ್ಯಾಶ್‌ಬೋರ್ಡನ್ನು ಒದ್ದೆ ಬಟ್ಟೆಯಿಂದ ತಂಪು ಮಾಡುವವರು ಅದಕ್ಕೆ ಉಪಕಾರ ಮಾಡುತ್ತಿಲ್ಲ. ಒಮ್ಮೆ ಮುದುಡಿದ ಎಳೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಮೊಟ್ಟೆ ಬೆಂದ ಮೇಲೆ ಮತ್ತೆ ಹಸಿಯಾಗದಂತೆ. ಬರೀ ಎಣ್ಣೆಯಂಶ ಆರಿಹೋಗಿ ಎಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಮಾತ್ರ ಮದ್ದುಂಟು. ಹಿರಿಯರು ಸೂಜಿಯಿಂದ ಕೆದರಿ ನೋಡಿದ್ದು ಈ ವ್ಯತ್ಯಾಸವನ್ನೇ.

ಹಳೆಯ ಗ್ರಂಥಾಲಯಗಳಲ್ಲಿ ಓಡಾಡಿದ ಅಧ್ಯಾಪಕರಿಗೆ ಆ ಹಿಟ್ಟಿನ ಪರಿಚಯವಿರುತ್ತದೆ. ತೊಗಲಿನ ರಟ್ಟಿನ ಪುಸ್ತಕವನ್ನು ಕಪಾಟಿನಿಂದ ಎಳೆದಾಗ ಅಂಗಿಯ ತೋಳಿಗೆ ಹತ್ತುವ ಕೆಂಗಂದು ಪುಡಿ ಅದೇ. ಲಂಡನ್ನಿನ ಕಲಾಸಂಘವು ಈ ರೋಗವನ್ನು ವಿಚಾರಿಸಲು ಒಂದು ಸಮಿತಿಯನ್ನೇ ನೇಮಿಸಿ 1901ರಲ್ಲಿ ವರದಿ ಪಡೆಯಿತು. ದೀಪದ ಅನಿಲ, ಶಾಖ, ಬೆಳಕು ಇವುಗಳ ಜೊತೆಗೆ ಅಲ್ಲಿ ದೋಷಿಯೆನಿಸಿದ್ದು ತಂಗಡಿಯಂಥ ಕೆಲವು ತೊಗಟೆಗಳ ಹದ. ನಮ್ಮ ಬಯಲಿನ ಬಡ ಗಿಡ ಲಂಡನ್ನಿನ ಕಟಕಟೆಯಲ್ಲಿ ನಿಂತಿದ್ದು ಹೀಗೆ! ಆದರೆ ಅದೇ ತೊಗಟೆ ಹದ ಮಾಡಿದ ತೊಗಲು ಇಲ್ಲಿ ಮೊಟ್ಟೆಯಾಗಿ, ಮೆಟ್ಟಾಗಿ, ಎತ್ತಿನ ಬಾರಾಗಿ ತಲೆಮಾರುಗಳನ್ನು ಕಂಡಿದೆ. ಪುಸ್ತಕಕ್ಕೆ ಯಾರೂ ಎಣ್ಣೆ ಹಚ್ಚುವುದಿಲ್ಲ. ರೈತ ಬಾರಿಗೆ ವರ್ಷವರ್ಷವೂ ಹಚ್ಚುತ್ತಾನೆ.

ಕೆಲಸ ಮೂರು ದಿನ ನಡೆಯಿತು. ಅದೂ ಬೆಳಗಿನ ಹೊತ್ತು, ತಗಡಿನ ನೆರಳಿನಲ್ಲಿ. ಮೊದಲನೆಯ ದಿನವೆಲ್ಲ ಬರೀ ತೊಳೆತ. ಹೊಳಪಿಗೆಂದು ಯಾರೋ ಎಂದೋ ಸಿಂಪಡಿಸಿದ್ದ ಸಿಲಿಕೋನ್ ಪಾಲಿಶನ್ನು, ಹಿಂಡಿದ ಬಟ್ಟೆಯಿಂದ ಅಂಗೈಯಗಲ ಅಂಗೈಯಗಲವಾಗಿ ಒರೆಸಿ ತೆಗೆದರು. ಅದು ಉಳಿದರೆ ಅಂಟೂ ಹಿಡಿಯದು, ಬಣ್ಣವೂ ನಿಲ್ಲದು. ಕೊಬ್ಬರಿ ಎಣ್ಣೆ ಹಚ್ಚಬಹುದೆ ಎಂದು ಕೇಳಿದೆ. ನಕ್ಕರು. "ತಲಿಗಿ ಹಚ್ಕೋರಿ ಸರ. ಇಲ್ಲಿ ಹಚ್ಚಿದರ ಬಿಸಿಲಿಗಿ ನೀರಾಗಿ ಕೆಳಗ ಇಳೀತದ, ಸೊಲ್ಯೂಶನ್ ತಿಂತದ. ಆಮ್ಯಾಲ ತೊಗಲೇ ಎದ್ದು ಬರ್ತದ." ಮೇಲೆದ್ದಿದ್ದ ಅಂಚನ್ನು ಇನ್ನಷ್ಟು ಬಿಡಿಸಿ, ತೊಗಲಿನ ಒಳಮೈಗೆ, ಮಾಂಸದ ಮಗ್ಗುಲಿಗೆ, ತೆಳುವಾದ ಚರ್ಮದ ಎಣ್ಣೆಯನ್ನು ಹತ್ತಿಯ ಉಂಡೆಯಿಂದ ಮುಟ್ಟಿಸಿ ಮುಟ್ಟಿಸಿ ಬಿಟ್ಟರು. ಒಂದೇ ಸಲಕ್ಕೆ ಸುರಿಯಲಿಲ್ಲ. ಉಪವಾಸ ಬಿಟ್ಟವನಿಗೆ ಗಂಜಿ ಕೊಡುವ ಕ್ರಮದಲ್ಲಿ, ತಾಸಿಗೊಮ್ಮೆ.

ಮರುದಿನ ಬಿರುಕುಗಳ ಸರದಿ. ಬಿರುಕನ್ನು ಮೇಲಿನಿಂದ ಮೆತ್ತುವವರು ಬಹಳ. ಅದು ಹದಿನೈದು ದಿನದ ಮಾತು. ಇವರು ಪ್ರತಿ ಬಿರುಕಿನ ಅಡಿಗೂ ತೆಳುವಾದ ಬಟ್ಟೆಯ ತುಂಡನ್ನು ಚಿಮಟದಿಂದ ತೂರಿಸಿ, ಅದಕ್ಕೆ ಅಂಟು ಹಚ್ಚಿ, ಎರಡು ದಡಗಳನ್ನೂ ಅದರ ಮೇಲೆ ಕೂರಿಸಿದರು. ಆಮೇಲೆ ಬಾಗಿದರೂ ಒಡೆಯದ ಮೆತ್ತನೆಯ ಲೇಪವನ್ನು ಎಳೆ ಎಳೆಯಾಗಿ ತುಂಬಿ, ಆರಿದ ಮೇಲೆ ನಯವಾದ ಎಮರಿ ಕಾಗದದಿಂದ ಉಜ್ಜಿದರು. ಸತ್ತುಹೋಗಿದ್ದ ಮೂಲೆಯನ್ನು ಕತ್ತರಿಸಿ ತೆಗೆದು ಬೇರೆ ತೊಗಲನ್ನು ಕೂಡಿಸಿದರು. ಗಾಜಿನ ಬುಡದಲ್ಲಿ ಹಿಂದೆ ಸರಿದಿದ್ದುದನ್ನು ಎಳೆದು ಮುಟ್ಟಿಸಲು ನೋಡುತ್ತಾರೇನೋ ಎಂದುಕೊಂಡಿದ್ದೆ. ಮುಟ್ಟಲಿಲ್ಲ. ಮುದುಡಿದ್ದನ್ನು ಎಳೆದರೆ ಇನ್ನೊಂದೆಡೆ ಹರಿಯುತ್ತದೆ. ಎರಡು ಬೆರಳಗಲದ ಪಟ್ಟಿಯೊಂದನ್ನು ಸೇರಿಸಿದರು. ಸೇರುವ ಎರಡು ಅಂಚುಗಳನ್ನೂ ರಂಪಿಗೆಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಹೆರೆದು, ಒಂದರ ಮೇಲೊಂದು ಕೂರಿಸಿ ಹೊಲಿದರು. ಬೆರಳಾಡಿಸಿದರೆ ಕೂಡಿಕೆ ಸಿಗದು. ಬಣ್ಣ ಮಾತ್ರ ಹೊಳಪಿಲ್ಲದ್ದು. ಹೊಳೆಯುವ ಡ್ಯಾಶ್‌ಬೋರ್ಡು ಗಾಜಿನಲ್ಲಿ ಪ್ರತಿಬಿಂಬಿಸಿ ಎದುರಿನ ದಾರಿಯನ್ನೇ ಮರೆಸುತ್ತದೆಯಂತೆ.

ಹೊಲಿಗೆಯನ್ನು ನೋಡುತ್ತ ಕುಳಿತಾಗ ನನಗೆ ಮಾದಾರ ಚನ್ನಯ್ಯನ ಅಂಕಿತ ನೆನಪಾಯಿತು. ಉಳಿ, ಕತ್ತಿ, ಅಡಿಗೂಂಟ ಎಂದು ಕಸುಬಿನ ಉಪಕರಣಗಳನ್ನೇ ಪೋಣಿಸಿದ ಅಂಕಿತ ಅದು. ವರ್ಷವರ್ಷವೂ ತರಗತಿಯಲ್ಲಿ ಅದರ ಅರ್ಥವನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತೇವೆ. ಆ ಉಳಿಯೂ ಕತ್ತಿಯೂ ಇಲ್ಲಿ ಒಬ್ಬರ ಮೊಣಕಾಲ ಬಳಿ ಬಿದ್ದಿದ್ದವು. ಕಲಬುರಗಿಯಿಂದ ಕಮಲಾಪುರ, ಹುಮನಾಬಾದಿನ ದಾರಿ ಹಿಡಿದರೆ ಬಸವಕಲ್ಯಾಣ ಬಹಳ ದೂರವಿಲ್ಲ. 12ನೇ ಶತಮಾನದಲ್ಲಿ ಡೋಹರ ಕಕ್ಕಯ್ಯನೂ ಸಮಗಾರ ಹರಳಯ್ಯನೂ ಬಸವಣ್ಣನವರ ಪಕ್ಕದಲ್ಲಿ ಕುಳಿತ ಊರು ಅದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದುದಕ್ಕೆ ಕಲ್ಯಾಣವೇ ಹೊತ್ತಿ ಉರಿಯಿತೆಂಬುದು ಎಲ್ಲರೂ ಬಲ್ಲ ಕಥೆ. ಈ ಹೆಸರುಗಳನ್ನು ಎತ್ತಿದಾಗ ಹಿರಿಯರು ಸೂಜಿ ನಿಲ್ಲಿಸಲಿಲ್ಲ.

"ಅವರ ಫೋಟೋ ಮನ್ಯಾಗ ಅದ ಸರ. ಜಯಂತಿಗಿ ಮೆರವಣಿಗಿನೂ ಮಾಡ್ತೀವಿ. ಆದರ ಬಾಡಿಗಿ ಮನಿ ಕೇಳ್ಲಾಕ ಹೋದಾಗ ನಾ ಕಾರಿನ ಕೆಲಸ ಅಂತಷ್ಟೇ ಹೇಳ್ತೀನಿ. ತೊಗಲಿನ ಕೆಲಸ ಅಂದರ ಮನಿ ಖಾಲಿ ಇಲ್ಲ ಅಂತಾರ."

ಮಗ ಪದವಿ ಓದುತ್ತಿದ್ದಾನೆ. ಈ ಫರಸಿಯ ಮೇಲೆ ಕೂರುವುದಿಲ್ಲ. ಕೂರಬಾರದೆಂಬುದೇ ತಂದೆಯ ಆಸೆಯೂ ಹೌದು. ಕಸುಬು ಉಳಿಯಲಿ ಎಂದು ಪತ್ರಿಕೆಯಲ್ಲಿ ಬರೆಯುವುದು ನಮ್ಮಂಥವರಿಗೆ ಸುಲಭ. ಮನೆ ಬಾಡಿಗೆಗೆ ಸಿಗದಂತೆ ಮಾಡುವ ಕಸುಬನ್ನು ಮಗನ ಕೈಗೆ ಕೊಡೆಂದು ಆ ತಂದೆಗೆ ಯಾವ ಮುಖದಿಂದ ಹೇಳುವುದು? ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 1948ರಿಂದ ಇದೆ; ನಮ್ಮ ರಾಜ್ಯದ ಚರ್ಮ ಕೈಗಾರಿಕಾ ನಿಗಮ 1976ರಿಂದ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಪಾಲು ಪಡೆದವು. ಇವೆಲ್ಲ ತೊಗಲಿಗೆ ದೊರೆತ ಮರ್ಯಾದೆ. ತೊಗಲು ಮುಟ್ಟಿದ ಕೈಗೆ ಎಷ್ಟು ದೊರೆತಿದೆಯೆಂಬ ಲೆಕ್ಕ ಬೇರೆ.

ಮೂರನೆಯ ದಿನ ಕಮಲಾಪುರದಿಂದ ಒಬ್ಬರು ಬಂದರು. ಹೊಸ ಕಾರು, ಕೈಯಲ್ಲಿ ಕೆಂಬಾಳೆಯ ಗೊನೆ ಬೇರೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು ಮಾಸಿದೆ, ಅದರ ಮೇಲೆ ಪೂರಾ ತೊಗಲು ಹೊದಿಸಿ ಅಂಟಿಸಬೇಕೆಂದರು. ಹಿರಿಯರು ಒಪ್ಪಲಿಲ್ಲ. ಎಡಗಡೆ ಕುಳಿತವರ ಮುಂದೆ ಬೆರಳಿಟ್ಟು ತೋರಿಸಿದರು: ಅದರ ಕೆಳಗೆ ಗಾಳಿಚೀಲವಿದೆ. ನಮ್ಮ ದೇಶದಲ್ಲಿ ಹೊಸ ಮಾದರಿಯ ಕಾರುಗಳಿಗೆ ಚಾಲಕನ ಪಕ್ಕದವರ ಮುಂದೆಯೂ ಗಾಳಿಚೀಲ 2021ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಅಪಘಾತವಾದಾಗ ಕಣ್ಣೆವೆ ಮುಚ್ಚುವುದರೊಳಗೆ ಅದು ಮುಚ್ಚಳವನ್ನು ಸೀಳಿಕೊಂಡು ಹೊರಬರಬೇಕು. ಸೀಳುವ ಜಾಗವನ್ನು ಕಾರ್ಖಾನೆಯಲ್ಲಿ ಬೇಕೆಂದೇ ದುರ್ಬಲವಾಗಿ ಮಾಡಿರುತ್ತಾರೆ. ಅದರ ಮೇಲೆ ಗಟ್ಟಿ ತೊಗಲನ್ನು ಅಂಟಿಸಿದರೆ ಚೀಲ ತಡವಾಗಿ ಬರಬಹುದು, ಅಡ್ಡದಾರಿ ಹಿಡಿಯಬಹುದು. "ನನ್ನ ಹೊಲಿಗಿ ಬಿಚ್ಚಂಗಿಲ್ರಿ. ಅದೇ ಅಂಜಿಕಿ," ಎಂದರು. ಬಂದವರು ಸಿಟ್ಟಿನಿಂದ ಬೇರೊಂದು ಅಂಗಡಿಗೆ ಹೋದರು. ಒಂದು ದಿನದ ಒಳ್ಳೆಯ ಸಂಪಾದನೆ ಹಾಗೆ ಓಣಿ ದಾಟಿ ಹೋಯಿತು.

ನನ್ನಿಂದ ತೆಗೆದುಕೊಂಡದ್ದು ರೆಕ್ಸಿನ್ ಹೊದಿಕೆಗೆ ಬೇರೆಯವರು ಹೇಳಿದ್ದಕ್ಕಿಂತ ಮುನ್ನೂರು ರೂಪಾಯಿ ಹೆಚ್ಚು. ಕಾರು ನಿಲ್ಲಿಸುವಾಗ ಗಾಜಿನ ಒಳಗೆ ಬಿಳಿಯ ಅರಿವೆ ಹಾಸಬೇಕು, ಕಿಟಕಿಯನ್ನು ಬೆರಳಿನಷ್ಟು ಇಳಿಸಿರಬೇಕು, ಎಣ್ಣೆ ವರ್ಷಕ್ಕೆ ಎರಡೇ ಸಲ, ಅದೂ ಸೂರ್ಯ ಇಳಿದ ಮೇಲೆ. ಬಲಮೂಲೆಯ ಕೂಡಿಕೆಯ ಬಗ್ಗೆ ಅವರಿಗೆ ಪೂರ್ತಿ ಸಮಾಧಾನವಿರಲಿಲ್ಲ. ಬೇಸಗೆಯ ಅಂಟು ಮಳೆಗಾಲದ ಥಂಡಿಗೆ ಹೇಗೆ ನಡೆದುಕೊಳ್ಳುತ್ತದೋ ನೋಡಬೇಕು, ಮಿರಗ ಕೂಡಿ ಎರಡು ಮಳೆ ಬಿದ್ದ ಮೇಲೆ ಒಮ್ಮೆ ಕಾರು ತನ್ನಿ ಎಂದಿದ್ದಾರೆ.