ಮನೆಗೆಲ್ಲ ಎ.ಸಿ.: ಕೊಳ್ಳುವ ಮುನ್ನ

‘ಮೂರು ಕೋಣೆಗಳಿಗೂ ಎ.ಸಿ. ಹಾಕಿಸಬೇಕೆಂದಿದ್ದೇವೆ ಡಾಕ್ಟ್ರೇ. ಮಗಳಿಗೆ ಉಬ್ಬಸ, ಅಪ್ಪನಿಗೆ ಬಿ.ಪಿ. ಏನಾದರೂ ತೊಂದರೆಯಾದೀತೇ?’ ಬೇಸಿಗೆ ಹತ್ತಿರವಾದಂತೆ ವೈದ್ಯರಿಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಅಂಗಡಿಯವರು ಬೆಲೆ, ಟನ್, ಸ್ಟಾರ್‌ಗಳ ಲೆಕ್ಕ ಹೇಳುತ್ತಾರೆ. ಆ ಗಾಳಿಯನ್ನು ಉಸಿರಾಡುವವರು ಯಾರೆಂದು ಮನೆಯವರೇ ಯೋಚಿಸಬೇಕು.

ಎ.ಸಿ. ಬರೀ ಐಷಾರಾಮದ ವಸ್ತುವಲ್ಲ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ದಾಟುವುದು ಹೊಸತಲ್ಲ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕಡಿಮೆ, ಬೆವರುವುದೂ ಕಡಿಮೆ. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರ ದೇಹದಲ್ಲಿ ನೀರಿನಂಶ ಇನ್ನೂ ಬೇಗ ತಗ್ಗುತ್ತದೆ. ಇಂಥವರಿಗೆ ತಂಪಾದ ಕೋಣೆ ಶಾಖಾಘಾತದಿಂದ ರಕ್ಷಣೆ. ಹಣ ಒಂದೇ ಕೋಣೆಗೆ ಸಾಲುವುದಾದರೆ ಹಾಲ್ ಬಿಟ್ಟು ಹಿರಿಯರು ಮಲಗುವ ಕೋಣೆಗೆ ಹಾಕಿಸಿ.

ಮೂರು ವಿಧ

ಹಲವು ಕೋಣೆಗಳನ್ನು ತಂಪಾಗಿಸಲು ಮೂರು ದಾರಿಗಳಿವೆ. ಮೊದಲನೆಯದು, ಪ್ರತಿ ಕೋಣೆಗೂ ಪ್ರತ್ಯೇಕ ಸ್ಪ್ಲಿಟ್ ಎ.ಸಿ. ಒಂದು ಕೆಟ್ಟರೆ ಇನ್ನೊಂದು ಕೋಣೆಯಲ್ಲಿ ಮಲಗಬಹುದು. ಎರಡನೆಯದು ಮಲ್ಟಿ ಸ್ಪ್ಲಿಟ್: ಹೊರಗೆ ಒಂದೇ ಯಂತ್ರ, ಒಳಗೆ ಕೋಣೆಗೊಂದು. ಕೊಳವೆಗಳಲ್ಲಿ ಹರಿಯುವುದು ತಂಪು ಮಾಡುವ ಅನಿಲ ಮಾತ್ರ. ಒಂದು ಕೋಣೆಯ ಗಾಳಿಯನ್ನು ಅದು ಇನ್ನೊಂದಕ್ಕೆ ಒಯ್ಯುವುದಿಲ್ಲ. ಜಾಗ ಉಳಿಯುತ್ತದೆ, ಆದರೆ ಹೊರಗಿನ ಯಂತ್ರ ಕೆಟ್ಟರೆ ಇಡೀ ಮನೆ ಸೆಕೆಯಲ್ಲಿ ಬೇಯುತ್ತದೆ.

ಮೂರನೆಯದು ಡಕ್ಟ್ ವ್ಯವಸ್ಥೆ. ಇದರಲ್ಲಿ ಸಾಮಾನ್ಯವಾಗಿ ಕೋಣೆಗಳ ಗಾಳಿ ಒಂದೆಡೆ ಸೇರಿ, ತಂಪಾಗಿ, ಮತ್ತೆ ಎಲ್ಲ ಕಡೆಗೆ ಹಂಚಿಕೆಯಾಗುತ್ತದೆ. ನೋಡಲು ಅಂದ. ಆದರೆ ಊದುಬತ್ತಿಯ ಹೊಗೆ, ಒಗ್ಗರಣೆಯ ಘಾಟು, ಒಬ್ಬರ ಶೀತ ಜ್ವರದ ವೈರಾಣು ಇವೂ ಹಂಚಿಹೋಗಬಹುದು. ಫಾಲ್ಸ್ ಸೀಲಿಂಗ್ ಮೇಲಿನ ಡಕ್ಟ್ ಸ್ವಚ್ಛಗೊಳಿಸುವುದೂ ಸುಲಭವಲ್ಲ. ಮನೆಯಲ್ಲಿ ಉಬ್ಬಸದವರಿದ್ದರೆ ಮೊದಲೆರಡು ವಿಧಗಳೇ ವಾಸಿ. ಡಕ್ಟ್ ಬೇಕೇ ಬೇಕೆನ್ನುವವರು ಉತ್ತಮ ಫಿಲ್ಟರ್, ಹೊರಗಿನ ಗಾಳಿ ಒಳಬರುವ ಏರ್ಪಾಡು, ಬಿಚ್ಚಿ ತೊಳೆಯಲು ಬಾಗಿಲು ಇವನ್ನು ಕೇಳಿ ಮಾಡಿಸಿಕೊಳ್ಳಬೇಕು.

ತಂಪು ಗಾಳಿ, ಶುದ್ಧ ಗಾಳಿ

ತಂಪು ಗಾಳಿಯೆಲ್ಲ ಶುದ್ಧ ಗಾಳಿಯಲ್ಲ. ಸಾಮಾನ್ಯ ಸ್ಪ್ಲಿಟ್ ಎ.ಸಿ. ಕೋಣೆಯ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಎ.ಸಿ. ಹೋಟೆಲೊಂದರಲ್ಲಿ ಅಕ್ಕಪಕ್ಕದ ಮೇಜುಗಳಲ್ಲಿ ಊಟ ಮಾಡಿದ ಮೂರು ಕುಟುಂಬಗಳ 10 ಮಂದಿಗೆ ಕೋವಿಡ್ ತಗುಲಿದ್ದು ಕಂಡುಬಂತು. ಅಲ್ಲಿ ಹೊರಗಿನ ಗಾಳಿಗೆ ದಾರಿ ಇರಲಿಲ್ಲ. ಆದ್ದರಿಂದ ಬೆಳಗ್ಗೆ ಮತ್ತು ಸಂಜೆ ಸ್ವಲ್ಪ ಹೊತ್ತು ಕಿಟಕಿ ತೆರೆದಿಡಿ. ಎ.ಸಿ. ಕೋಣೆಯಲ್ಲಿ ಸಿಗರೇಟು, ಸೊಳ್ಳೆ ಬತ್ತಿ ಖಂಡಿತ ಬೇಡ.

ಅಳತೆ ಮತ್ತು ಆರೈಕೆ

ಕೋಣೆಗಿಂತ ದೊಡ್ಡ ಎ.ಸಿ. ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಹೆಚ್ಚು ಟನ್‌ನ ಯಂತ್ರ ಬೇಗ ತಂಪು ಮಾಡಿ ನಿಂತುಬಿಡುತ್ತದೆ. ಗಾಳಿಯ ತೇವ ಹಾಗೇ ಉಳಿಯುತ್ತದೆ. ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಇದರಿಂದ ಗೋಡೆಗೆ ಬೂಷ್ಟು ಹಿಡಿಯಬಹುದು. ಬೂಷ್ಟು ಉಬ್ಬಸಕ್ಕೆ ಆಹ್ವಾನ. ಕೋಣೆಯ ಉದ್ದಗಲ, ಬಿಸಿಲು ಬೀಳುವ ಗೋಡೆ, ಮಲಗುವವರ ಸಂಖ್ಯೆ ನೋಡಿ ಅಳತೆ ನಿರ್ಧರಿಸಲಿ. ನೀರು ಸಲೀಸಾಗಿ ಹೊರಹೋಗುವಂತೆ ಪೈಪಿಗೆ ಇಳಿಜಾರು ಇರಲಿ. ಗಾಳಿ ನೇರ ತಲೆಯ ಮೇಲೆ ಬೀಸದಂತೆ ಮಂಚ ಹಾಕಿ.

2020ರ ಜನವರಿಯಿಂದ ನಮ್ಮ ದೇಶದಲ್ಲಿ ಸ್ಟಾರ್ ಗುರುತಿನ ಹೊಸ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಿಯೇ ಬರುತ್ತಿವೆ. ಫ್ಯಾನ್ ನಿಧಾನಕ್ಕೆ ತಿರುಗುತ್ತಿದ್ದರೆ 26 ಡಿಗ್ರಿಯೂ ಹಿತ, ಕರೆಂಟ್ ಬಿಲ್ಲೂ ಹಗುರ. 18ಕ್ಕೆ ಇಳಿಸಿ ಕಂಬಳಿ ಹೊದ್ದರೆ ಲಾಭವಿಲ್ಲ. ಬಳಸುವ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಬೇಸಿಗೆಗೆ ಮುನ್ನ ಸರ್ವೀಸ್ ಮಾಡಿಸಿ. ಈ ಖರ್ಚನ್ನು ಕೊಳ್ಳುವಾಗಲೇ ಲೆಕ್ಕಕ್ಕೆ ಹಿಡಿಯಿರಿ. ಮೂರು ಎ.ಸಿ. ಕೊಂಡು ಒಂದನ್ನೂ ತೊಳೆಯದಿರುವುದಕ್ಕಿಂತ, ಒಂದನ್ನೇ ಕೊಂಡು ಚೊಕ್ಕಟವಾಗಿ ಇಟ್ಟುಕೊಳ್ಳುವುದು ಮೇಲು.

ಎ.ಸಿ. ಹಾಕಿದೊಡನೆ ಸೀನು, ಕೆಮ್ಮು, ಎದೆಯಲ್ಲಿ ಸುಯ್ ಸದ್ದು ಶುರುವಾಗಿ, ಹೊರಬಂದರೆ ಕಡಿಮೆಯಾಗುತ್ತಿದ್ದರೆ ಯಂತ್ರವನ್ನು ಬಿಚ್ಚಿಸಿ ನೋಡಿ. ಉಬ್ಬಸದ ಇನ್‌ಹೇಲರನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ತೊಂದರೆ ಮುಂದುವರಿದರೆ ನಿಮ್ಮ ವೈದ್ಯರನ್ನು ಕಾಣಿರಿ.